ಸುಯಾಪಾ ಮೂರನೇ ಸಲ ಹೇಳಿದ್ದು

ಕವಾಸೋಸ್ ಎಂಬ ಮೆಕ್ಸಿಕನ್ ಮನೆತನದ ಹೆಸರಿಟ್ಟುಕೊಂಡು, ಸ್ಪ್ಯಾನಿಷ್ ಬಾರದೆ ಸ್ಯಾನ್ ಆಂಟೋನಿಯೋದಲ್ಲಿ ಬದುಕುವುದೆಂದರೆ ದಿನಕ್ಕೊಮ್ಮೆಯಾದರೂ ತಲೆ ತಗ್ಗಿಸುವುದೆಂದೇ ಅರ್ಥ. ಕ್ರಿಸೆಲ್ಡಾಗೆ ಅದು ಚಿಕ್ಕಂದಿನಿಂದಲೂ ರೂಢಿ. ಟಾಕೋ ಅಂಗಡಿಯ ಹೆಂಗಸು ಇವಳ ಕಪ್ಪು ಕೂದಲನ್ನೂ ಮುಖವನ್ನೂ ನೋಡಿ ಸ್ಪ್ಯಾನಿಷ್‌ನಲ್ಲಿ ಏನು ಬೇಕೆಂದು ಕೇಳುವಳು. ಇವಳು ಇಂಗ್ಲಿಷ್‌ನಲ್ಲಿ ಹೇಳುವಳು. ಆ ಹೆಂಗಸಿನ ಹುಬ್ಬು ಒಂದಿಷ್ಟು ಮೇಲೇರಿ ಕೆಳಗಿಳಿಯುವುದು. ಅಷ್ಟೇ. ಆದರೆ ಆ ಹುಬ್ಬು ಮನೆ ಮುಟ್ಟುವವರೆಗೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಅವಳ ಅಜ್ಜಿ ಯೂಫೇಮಿಯಾ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಆಟದ ಬಯಲಲ್ಲಿ ಬಾಯಿ ತಪ್ಪಿ ಸ್ಪ್ಯಾನಿಷ್ ಮಾತಾಡಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮರದ ಹಲಗೆಯಿಂದ ಬಾರಿಸುತ್ತಿದ್ದರು. ತಾನು ತಿಂದ ಏಟು ತನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಬೇಡವೆಂದು ಅಜ್ಜಿ ಮಗಳೊಂದಿಗೆ ಹರಕುಮುರುಕು ಇಂಗ್ಲಿಷ್‌ನಲ್ಲೇ ಮಾತಾಡಿದಳು. ಮಗಳಿಗೆ ಅರ್ಧ ಭಾಷೆ ಉಳಿಯಿತು. ಮೊಮ್ಮಗಳಿಗೆ ತಿಂಡಿಗಳ ಹೆಸರು ಮತ್ತು ಬೈಗುಳ ಉಳಿದವು.

ವಕೀಲಳಾಗಬೇಕೆಂದು ಕಾನೂನು ಕಾಲೇಜು ಸೇರಿದ ಮೊದಲ ವರ್ಷವೇ ಕ್ರಿಸೆಲ್ಡಾ ನೆಲ ಕಚ್ಚಿದಳು. ಕರಾರು ಕಾನೂನಿನ ಪ್ರೊಫೆಸರು ಹೆಸರು ಕೂಗಿ ಎಬ್ಬಿಸಿ, ಪ್ರಶ್ನೆಯ ಮೇಲೆ ಪ್ರಶ್ನೆ ಎಸೆದು, ಇಡೀ ತರಗತಿಯ ಮುಂದೆ ಬೆವರಿಳಿಸುತ್ತಿದ್ದರು. ಅವಳು ಒಂದೊಂದು ತೀರ್ಪನ್ನೂ ಅಕ್ಷರ ಬಿಡದೆ ಓದಿ, ಸಾಲುಸಾಲಿಗೂ ಹಳದಿ ಬಣ್ಣ ಬಳಿದು, ಕೊನೆಗೆ ಪರೀಕ್ಷೆಯಲ್ಲಿ ಕೇಳಿದ್ದೇನೆಂದೇ ತಿಳಿಯದೆ ಪೆನ್ನು ಕಚ್ಚುತ್ತಾ ಕೂತಳು. ಅಂಕ ಬಂದಾಗ ಅವಳಿಗಿಂತ ಕೆಳಗೆ ಬೆರಳೆಣಿಕೆಯ ಜನ ಮಾತ್ರ ಇದ್ದರು.

ಆಗ ಸಿಕ್ಕಿದವನು ಕೋಲ್ಬಿ ರಾಸ್ಮುಸೆನ್. ಅವಳಿಗಿಂತ ಒಂದು ವರ್ಷ ಹಿರಿಯ. ಸೋತವರಿಗೆ ಪಾಠ ಹೇಳಲು ಕಾಲೇಜೇ ನೇಮಿಸಿದ್ದ ಹುಡುಗ. ಉತ್ತರದ ಹಿಮದ ರಾಜ್ಯದಿಂದ ಬಂದವನು, ಬೆಣ್ಣೆಯ ಬಣ್ಣದ ಕೂದಲು, ಯಾರನ್ನು ಕಂಡರೂ ಬಾಲ್ಯದ ಗೆಳೆಯನಂತೆ ನಗುವ ಬಾಯಿ. ತರಗತಿಯ ಮೊದಲ ಸಾಲಿನ ಅಂಕದ ಜೊತೆಗೆ, ಇಲ್ಲಿಗೆ ಬಂದ ಮೇಲೆ ಕಲಿತ ಸ್ಪ್ಯಾನಿಷ್ ಬೇರೆ. ಅವನು ಕಾಫಿ ಅಂಗಡಿಯಲ್ಲಿ ಆ ಭಾಷೆಯಲ್ಲಿ ಹರಟುವುದನ್ನು ಕೇಳಿದಾಗ ಕ್ರಿಸೆಲ್ಡಾಗೆ ಹೊಟ್ಟೆಕಿಚ್ಚಾಗಿತ್ತು. ತನ್ನ ಮನೆಯಿಂದ ಕಳುವಾದ ಪಾತ್ರೆ ಇನ್ನೊಬ್ಬರ ಒಲೆಯ ಮೇಲೆ ಕಂಡ ಹಾಗೆ.

"ನೀನು ಓದೋದು ಜಾಸ್ತಿ ಆಯ್ತು, ಅದೇ ನಿನ್ ರೋಗ," ಎಂದ ಕೋಲ್ಬಿ, ಅವಳ ಹಳದಿ ಪುಸ್ತಕ ಮಗುಚಿ ಹಾಕುತ್ತಾ. "ತೀರ್ಪಿಂದ ಒಂದು ನಿಯಮ ಕಿತ್ಕೊ. ಯಾಕೆ ಹಂಗಾಯ್ತು ಅಂತ ಒಂದು ಸಾಲು ಬರ್ಕೊ. ಮುಂದಕ್ಕೆ ಹೋಗು. ಬೇರೆಯವ್ರು ಮಾಡಿದ ಸಾರಾಂಶ ನಂಬ್ಬೇಡ, ಸ್ವಂತ ಕೈಯಲ್ಲಿ ಮಾಡಿದ್ದೇ ತಲೆಗೆ ಹತ್ತೋದು. ಹಳೇ ಪ್ರಶ್ನೆಪತ್ರಿಕೆ ತಗೊಂಡು ಗಡಿಯಾರ ಮುಂದಿಟ್ಕೊಂಡು ಬರಿ. ಬರ್ದಿದ್ದನ್ನ ಪ್ರೊಫೆಸರ್ ಹತ್ರ ತೋರ್ಸು. ನಾಚ್ಕೊಂಡ್ರೆ ಕೆಟ್ಟೆ."

"ಸ್ಪ್ಯಾನಿಷ್ ಹೆಂಗೆ ಕಲ್ತೆ?"

"ಅದೂ ಹಿಂಗೇನೆ. ವ್ಯಾಕರಣ ಮುಗಿಸ್ಕೊಂಡು ಬಾಯಿ ಬಿಡ್ತೀನಿ ಅಂದ್ರೆ ಮುದುಕಿ ಆಗ್ತೀಯ. ಭೂತಕಾಲ ಮೊದ್ಲು ಕಲಿ, ವಕೀಲ್ರಿಗೆ ಬೇಕಾಗಿರೋದು 'ಏನಾಯ್ತು' ಅನ್ನೋದೊಂದೇ. 'ನೀವು' ಗೀವು ಎಲ್ಲ ಸದ್ಯಕ್ಕೆ ಬಿಟ್ಬಿಡು, 'ನೀನು' ಒಂದು ಸಾಕು, ಅಷ್ಟು ಕೆಲಸ ಉಳಿಯತ್ತೆ. ಬೆಳಿಗ್ಗೆ ಎದ್ದ ತಕ್ಷಣ ರೇಡಿಯೋ ಹಾಕು, ಕೇಳಿದ್ದನ್ನ ಹಂಗೇ ಗಟ್ಟಿಯಾಗಿ ಹೇಳು. ಆಮೇಲೆ, ನಿನ್ ಹರಕು ಮಾತು ಕೇಳಿ ಎದ್ದು ಹೋಗದೇ ಇರೋ ಜನರನ್ನ ಹುಡ್ಕು."

"ಅಂಥೋರು ಎಲ್ಲಿರ್ತಾರೆ ಮಹಾರಾಯ?"

"ಇರ್ತಾರೆ ಇರ್ತಾರೆ," ಎಂದು ಕಣ್ಣು ಹೊಡೆದ. ಅವಳೂ ನಕ್ಕಳು.

ಅವನು ಹೇಳಿದ್ದು ಫಲ ಕೊಟ್ಟಿತು, ಸುಳ್ಳು ಹೇಳಬಾರದು. ದಿನಾ ಅವನ ಜೊತೆಗೇ ಸ್ಪ್ಯಾನಿಷ್ ಮಾತಾಡಿ, ಅವನು ಹೇಳಿದ ಹಾಗೇ ಹೇಳಿ ಅಭ್ಯಾಸ ಮಾಡಿದಳು. ಎರಡನೇ ಸೆಮಿಸ್ಟರ್‌ನಲ್ಲಿ ಅವಳು ಮಧ್ಯಕ್ಕೆ ಬಂದಳು, ಬೇಸಿಗೆ ಮುಗಿಯುವಷ್ಟರಲ್ಲಿ ಟಾಕೋ ಅಂಗಡಿಯ ಹೆಂಗಸಿನ ಹುಬ್ಬು ಏಳುವುದು ನಿಂತಿತು. ಅಜ್ಜಿಗೆ ಮಾತ್ರ ಪೂರ್ತಿ ಸಮಾಧಾನವಿಲ್ಲ. "ಬೆಂದಿದೆ ಕಣೆ, ಉಪ್ಪು ಹಿಡ್ದಿಲ್ಲ," ಎನ್ನುತ್ತಿದ್ದಳು.

ಎರಡನೇ ವರ್ಷ ಕ್ರಿಸೆಲ್ಡಾ ಕಾಲೇಜಿನ ಉಚಿತ ಕಾನೂನು ನೆರವಿನ ತಂಡಕ್ಕೆ ಸೇರಿದಳು. ಗಡಿ ದಾಟಿ ಬಂದು ಸಿಕ್ಕಿಬಿದ್ದವರನ್ನು ಕೂಡಿಹಾಕುವ ಕೇಂದ್ರವೊಂದು ನಗರದ ದಕ್ಷಿಣಕ್ಕೆ, ಮುಳ್ಳುಪೊದೆಗಳ ಬಯಲಿನ ನಡುವೆ ಇತ್ತು. ಅಲ್ಲಿನ ಹೆಂಗಸರಿಗೆ ದೇಶದಲ್ಲಿ ಆಶ್ರಯ ಕೊಡಬೇಕೇ ಎಂದು ಅಧಿಕಾರಿ ಸಂದರ್ಶನ ಮಾಡುವ ಮೊದಲು, ವಿದ್ಯಾರ್ಥಿಗಳು ಹೋಗಿ ಅವರ ಕಥೆ ಕೇಳಿ ಹೇಳಿಕೆ ಬರೆದು ಕೊಡಬೇಕು. ಅಧಿಕಾರಿ ನಂಬಿದರೆ ಮುಂದೆ ನ್ಯಾಯಾಲಯದ ದಾರಿ. ನಂಬದಿದ್ದರೆ ವಿಮಾನ ಹತ್ತಿಸಿ ವಾಪಸ್. ತಂಡದ ಮೇಲ್ವಿಚಾರಕಿ ಪ್ರೊಫೆಸರ್ ಡೆಂಪ್ಸಿ. ಅವರಿಗೆ ಸ್ಪ್ಯಾನಿಷ್ ಬಾರದು. ಆದ್ದರಿಂದ ಅಲ್ಲೆಲ್ಲ, ಮೊದಲೇ ತಂಡ ಸೇರಿದ್ದ ಕೋಲ್ಬಿಯದ್ದೇ ಕಾರುಬಾರು.

ಅವನಿಗೂ ಕ್ರಿಸೆಲ್ಡಾಗೂ ಸಿಕ್ಕಿದ ಮೊದಲ ಹೆಂಗಸು ಸುಯಾಪಾ ಬೊನಿಯಾ. ಹೊಂಡುರಾಸ್‌ನ ಚೋಲೋಮಾ ಊರಿನವಳು. ವಯಸ್ಸು ಮೂವತ್ತರೊಳಗೇ, ಆದರೆ ಕಣ್ಣ ಕೆಳಗೆ ಮಸಿ. ಕೇಂದ್ರದವರು ಕೊಟ್ಟ ದೊಗಳೆ ನೀಲಿ ಅಂಗಿಯ ತೋಳನ್ನು ಮಡಿಸಿ, ಕೈ ಕಟ್ಟಿ, ಶಾಲೆಯ ಮಗುವಿನಂತೆ ನೆಟ್ಟಗೆ ಕೂತಿದ್ದಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನೆಲ ಒರೆಸುವ ಔಷಧಿಯ ವಾಸನೆ ಮೂಗಿಗೆ ಅಡರುತ್ತಿತ್ತು.

"ಹೇಳು ಸುಯಾಪಾ, ಏನಾಯ್ತು?" ಎಂದ ಕೋಲ್ಬಿ. ಅಲ್ಲಿಂದ ಮುಂದೆ ಮಾತೆಲ್ಲ ಸ್ಪ್ಯಾನಿಷ್‌ನಲ್ಲೇ.

"ನನ್ನ ಗಂಡ ಬಸ್ ಓಡಿಸ್ತಿದ್ರು, ವಕೀಲರೇ," ಎಂದು ಅವಳು ಶುರುಮಾಡಿದಳು. ಪುಂಡರು ವಸೂಲಿಗೆ ಬರುತ್ತಿದ್ದರು. ಕೊಡುವುದಿಲ್ಲ ಎಂದು ಗಂಡ ಹಟ ಹಿಡಿದ. ಒಂದು ಮಧ್ಯಾಹ್ನ ಅವಳು ಊಟ ತೆಗೆದುಕೊಂಡು ಬಸ್ ನಿಲ್ಲುವ ಜಾಗಕ್ಕೆ ಹೋಗಿದ್ದಳು. ಗಂಡ ಇನ್ನೂ ಸ್ಟೀರಿಂಗ್ ಮುಂದೆಯೇ ಕೂತಿದ್ದ. ಇಬ್ಬರು ಬಂದರು. ಅವನನ್ನು ಅಲ್ಲೇ ಕೊಂದರು. ಇಬ್ಬರ ಮುಖವನ್ನೂ ಅವಳು ನೋಡಿದಳು. ಆಮೇಲೆ ಅವಳು ನೋಡಿದ್ದಾಳೆಂದು ಆ ಇಬ್ಬರಿಗೂ ತಿಳಿಯಿತು. ಮನೆಯ ಬಾಗಿಲಿಗೆ ಬಂದು, ಮುಂದಿನ ಸರದಿ ನಿನ್ನದು ಎಂದು ಹೇಳಿ ಹೋದರು.

ಅವಳು ಅಳಲಿಲ್ಲ. ಮಾತು ನಿಧಾನವಾಗಿ, ಸ್ಪಷ್ಟವಾಗಿ ಬಂತು. ಕ್ರಿಸೆಲ್ಡಾಗೇ ಬಹುಪಾಲು ಅರ್ಥವಾಯಿತು. ಅರ್ಥವಾಯಿತಲ್ಲ ಎಂಬ ಒಂದು ಖುಷಿಯೂ ನಡುವೆ ಮಿಂಚಿ ಹೋಯಿತು, ಅದನ್ನು ಅವಳು ಕೂಡಲೇ ಒಳಗೆ ಅದುಮಿದಳು.

"ಚೆನ್ನಾಗಿತ್ತು," ಎಂದ ಕೋಲ್ಬಿ. "ಇನ್ನೊಂದ್ಸಲ ಹೇಳು. ಈ ಸಲ ಬೇರೆ ಮಾತಲ್ಲಿ ಹೇಳು, ನಿಮ್ಮೂರಲ್ಲಿ ಹೆಂಗೆ ಮಾತಾಡ್ತೀರೋ ಹಂಗೆ."

ಸುಯಾಪಾ ಕ್ರಿಸೆಲ್ಡಾಳ ಮುಖ ನೋಡಿದಳು. ಕ್ರಿಸೆಲ್ಡಾ ಮೇಜು ನೋಡಿದಳು.

ಎರಡನೇ ಸಲ ಹೇಳುವಾಗ ಸುಯಾಪಾ, "ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಎಳೆಯದು," ಎಂದಳು. ಕೋಲ್ಬಿ ಕೈ ಎತ್ತಿ ತಡೆದ. "ಎಳೆಯದಾ? ಏನದು ಎಳೆಯದು? ನಾವು ಮಾಂಸಕ್ಕೆ ಹಂಗನ್ನೋದು. ಎಳೇ ಮಾಂಸ, ಹೋಟ್ಲಲ್ಲಿ."

"ನಮ್ಮ ಕಡೆ ಹಾಲುಗೂಸಿಗೆ ಹಾಗಂತೀವಿ, ವಕೀಲರೇ. ನನ್ನ ಮಗು."

"ಅಯ್ಯೋ, ಎಷ್ಟ್ ಚೆನ್ನಾಗಿದೆ!" ಕೋಲ್ಬಿ ಕುರ್ಚಿಯಲ್ಲೇ ಕುಣಿದ. "ಕ್ರಿಸ್, ಕೇಳಿಸ್ಕೊಂಡ್ಯಾ? ಎಳೆಯದು! ಇದು ಯಾವ ಪುಸ್ತಕದಲ್ಲೂ ಇಲ್ಲ. ಇನ್ನೊಂದ್ಸಲ ಹೇಳು ಆ ವಾಕ್ಯನ."

ಆ ಮಗು ಚೋಲೋಮಾದಲ್ಲಿ ಸುಯಾಪಾಳ ತಾಯಿಯ ಹತ್ತಿರ ಉಳಿದಿತ್ತು. ಹಾದಿಯ ಕಷ್ಟ ತಡೆಯಲಾರದೆಂದು ಬಿಟ್ಟು ಬಂದಿದ್ದಳು. ಅವಳು ಆ ವಾಕ್ಯವನ್ನು ಇನ್ನೊಮ್ಮೆ ಹೇಳಿದಳು. ಹೇಳುವಾಗ ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಕೋಲ್ಬಿ ಅವಳ ಉಚ್ಚಾರವನ್ನೇ ಅನುಸರಿಸಿ, ನಾಲಿಗೆ ಮಡಿಸಿ, "ನನ್ನ ಎಳೆಯದು, ನನ್ನ ಎಳೆಯದು," ಎಂದು ಅಭ್ಯಾಸ ಮಾಡಿದ. ಸರಿಯಾಯಿತೇ ಎಂದು ಅವಳನ್ನೇ ಕೇಳಿದ. ಅವಳು ತಲೆಯಾಡಿಸಿದಳು. ಕ್ರಿಸೆಲ್ಡಾ ಪೆನ್ನು ಕೆಳಗಿಟ್ಟಳು.

ಮೂರನೇ ಸಲವೂ ಹೇಳಿಸಿದ. ಆ ಹೊತ್ತಿಗೆ ಸುಯಾಪಾಳ ದನಿ ಒಣಗಿತ್ತು. ಈ ಸಲ ಅವಳು, ಇಬ್ಬರು ಬಂದರು, ಮೂರನೆಯವನೊಬ್ಬ ಮೋಟಾರ್ ಸೈಕಲ್ ಮೇಲೆ ಕಾಯುತ್ತಿದ್ದ ಎಂದಳು. ಕ್ರಿಸೆಲ್ಡಾ ತಲೆ ಎತ್ತಿದಳು. ತನ್ನ ಕಿವಿಯದ್ದೇ ತಪ್ಪಿರಬೇಕು ಎಂದುಕೊಂಡಳು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟಳು. "ಮೊದ್ಲು ಇಬ್ರು ಅಂದಿದ್ಳಲ್ವಾ?"

"ನಿನಗೆ ಸರಿಯಾಗಿ ಕೇಳ್ಸಿಲ್ಲ. ನನಗೂ ಮೂರನೇ ಸಲಕ್ಕೇ ಕಿವಿ ಪೂರ್ತಿ ಕೂತಿದ್ದು. ಅದಕ್ಕೇ ಹೇಳೋದು, ಮೂರು ಸಲ ಹೇಳಿಸ್ಬೇಕು ಅಂತ." ದಾರಿಯಲ್ಲಿ ನಿಲ್ಲಿಸಿ ಕೊಂಡಿದ್ದ ಹಂದಿಮಾಂಸದ ಟಮಾಲೆ ಕಡುಬನ್ನು ಒಂದು ಕೈಯಲ್ಲಿ ಹಿಡಿದು, ಅದಕ್ಕೆ ಸುತ್ತಿದ ಮೆಕ್ಕೆಜೋಳದ ಸಿಪ್ಪೆಯನ್ನು ಹಲ್ಲಿನಿಂದ ಎಳೆಯುತ್ತಾ ಹೇಳಿದ. "ನಿನಗೆ ಹೇಳಿದ್ನಲ್ಲ, ಎದ್ದು ಹೋಗದೇ ಇರೋ ಜನ. ಬೇರೆಯವ್ರು ಭಾಷೆ ಕಲಿಯೋಕೆ ಮೆಕ್ಸಿಕೋಗೆ ಹೋಗ್ತಾರೆ. ನಮಗೆ ಇಲ್ಲೇ, ಬಿಟ್ಟಿ. ಜೊತೆಗೆ ಕಾಲೇಜಿನ ಅಂಕ ಬೇರೆ."

ಅವನ ಗಲ್ಲದ ಮೇಲೆ ಕೆಂಪು ಎಣ್ಣೆ ಇಳಿಯುತ್ತಿತ್ತು. ಕ್ರಿಸೆಲ್ಡಾ ಕಿಟಕಿ ಇಳಿಸಿ ಹೊರಗಿನ ಬಿಸಿಗಾಳಿಗೆ ಮುಖ ಒಡ್ಡಿದಳು. ಅವನು ತನಗೆ ಪಾಠ ಹೇಳಿದವನು, ತನಗೋ ಭಾಷೆ ಅರೆಬರೆ. ಹೇಳಿಕೆಯನ್ನು ಅವನೇ ಬರೆದ. ಮರುವಾರ ಸುಯಾಪಾಳ ಮುಂದೆ ಗಡಗಡನೆ ಓದಿ ಸಹಿ ಹಾಕಿಸಿದ. ಪ್ರೊಫೆಸರ್ ಡೆಂಪ್ಸಿ ಕಣ್ಣಾಡಿಸಿ ಕಳುಹಿಸಿಕೊಟ್ಟರು.

ಅದೇ ವಾರ ಕಾಲೇಜಿನಲ್ಲಿ ಹೊಸಬರಿಗಾಗಿ ಮಧ್ಯಾಹ್ನ ಒಂದು ಭಾಷಣ. ಬಂದವರಿಗೆಲ್ಲ ಪಿಜ್ಜಾ. ಕಾನೂನನ್ನೂ ಸ್ಪ್ಯಾನಿಷ್ಷನ್ನೂ ಜೊತೆಜೊತೆಗೆ ಗೆಲ್ಲುವುದು ಹೇಗೆಂದು ಕೋಲ್ಬಿ ಹೇಳಬೇಕಿತ್ತು. ಕ್ರಿಸೆಲ್ಡಾ ಹಿಂದಿನ ಸಾಲಿನಲ್ಲಿ ಕಾಗದದ ತಟ್ಟೆ ಹಿಡಿದು ಕೂತಿದ್ದಳು. ನಿಯಮ ಕಿತ್ಕೊಳ್ಳಿ, ಗಡಿಯಾರ ಇಟ್ಕೊಳ್ಳಿ, ರೇಡಿಯೋ ಕೇಳಿ, ಎಲ್ಲ ಅವಳು ಕೇಳಿದ್ದೇ. ಕೊನೆಗೆ ಅವನು ಸ್ವಲ್ಪ ಮುಂದಕ್ಕೆ ಬಾಗಿ, ಗುಟ್ಟು ಹೇಳುವವನಂತೆ ಶುರುಮಾಡಿದ.

"ಒಂದು ಹೆಂಗಸು, ಹೆಸರು ಹೇಳಬಾರದು, 'ಕೈಯಲ್ಲಿ ಎಳೆಯದಿತ್ತು' ಅಂದಳು. ನಾನು ಅಂದ್ಕೊಂಡೆ, ಇವಳ್ಯಾಕಪ್ಪಾ ಬಸ್ ಸ್ಟಾಪಿಗೆ ಎಳೇ ಮಾಂಸ ಎತ್ಕೊಂಡು ಹೋಗಿದ್ಳು ಅಂತ!"

ಕೋಣೆ ತುಂಬ ನಗು. ಬಾಯಲ್ಲಿ ಪಿಜ್ಜಾ ಇಟ್ಟುಕೊಂಡೇ ನಕ್ಕರು. ಮುಂದಿನ ಸಾಲಿನಲ್ಲಿ ಪ್ರೊಫೆಸರ್ ಡೆಂಪ್ಸಿಯೂ ನಕ್ಕರು, ಕಣ್ಣೊರೆಸಿಕೊಂಡರು. ಕ್ರಿಸೆಲ್ಡಾಳ ತಟ್ಟೆಯಲ್ಲಿ ಚೀಸ್ ತಣ್ಣಗಾಗಿ ಚರ್ಮದಂತೆ ಸುಕ್ಕುಗಟ್ಟಿತ್ತು. ಅವಳು ಎದ್ದು ತಟ್ಟೆಯನ್ನು ಕಸದ ಡಬ್ಬಿಗೆ ಹಾಕಿ, ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ತಿಂದದ್ದು ಏನೂ ಇರಲಿಲ್ಲ, ಆದರೂ ಮುಕ್ಕಳಿಸಿದಳು.

ಹದಿನೈದು ದಿನಕ್ಕೆ ಅಧಿಕಾರಿಯ ನಿರ್ಧಾರ ಬಂತು. ನಂಬಲಾಗುವುದಿಲ್ಲ ಎಂದು. ಬರವಣಿಗೆಯ ಹೇಳಿಕೆಯಲ್ಲಿ ಮೂವರು ಎಂದಿದೆ, ಎದುರು ಕೂತು ಹೇಳುವಾಗ ಇಬ್ಬರೇ ಎಂದಳು, ಕೇಳಿದ್ದಕ್ಕೆ ಸರಿಯಾದ ಕಾರಣ ಕೊಡಲಿಲ್ಲ ಎಂದು. ವಾಪಸ್ ಕಳುಹಿಸಲು ಆಜ್ಞೆಯಾಗಿತ್ತು. ನ್ಯಾಯಾಧೀಶರು ಒಮ್ಮೆ ಪರಿಶೀಲಿಸಬಹುದು, ಅದೊಂದೇ ಉಳಿದ ದಾರಿ.

"ಏನ್ಮಾಡೋಕಾಗತ್ತೆ," ಎಂದ ಕೋಲ್ಬಿ, ಲೈಬ್ರರಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಾ. ದೊಡ್ಡ ಕಂಪನಿಯೊಂದರಲ್ಲಿ ಕೆಲಸದ ಸಂದರ್ಶನಕ್ಕೆ ಹೊರಟಿದ್ದ. "ಕಕ್ಷಿದಾರರು ಸುಳ್ಳು ಹೇಳ್ತಾರೆ ಕ್ರಿಸ್. ಮೊದಲನೇ ಪಾಠ ಅದು. ಮನಸ್ಸಿಗೆ ಹಚ್ಕೋಬೇಡ."

ಹಾದಿಯಲ್ಲಿ ಸತ್ತು ಉಬ್ಬಿದ ಪ್ರಾಣಿಯನ್ನು ಕಂಡರೆ ಹೇಗೋ ಹಾಗೆ ಅವಳು ಅವನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಗಮನಿಸಲಿಲ್ಲ.

ಭಾನುವಾರ ಅಜ್ಜಿಯ ಮನೆಯಲ್ಲಿ ಬಾರ್ಬಕೋವಾ ಎಂಬ ಮಾಂಸದೂಟ. ಅಜ್ಜಿ ಹಿಟ್ಟು ಲಟ್ಟಿಸುತ್ತಾ ನಿಂತಿದ್ದಳು. ಕ್ರಿಸೆಲ್ಡಾ ತಿನ್ನಲಿಲ್ಲ. ಹೆಸರು ಹೇಳದೆ ನಡೆದದ್ದೆಲ್ಲ ಹೇಳಿದಳು.

"ಆ ಹುಡುಗ ಏನಂತ ಕರೆದ ಅವಳನ್ನ?" ಎಂದಳು ಅಜ್ಜಿ.

"ಏನಂತ ಅಂದ್ರೆ?"

"ನೀನು ಅಂದ್ನೋ, ನೀವು ಅಂದ್ನೋ?"

"ನೀನು."

ಲಟ್ಟಣಿಗೆ ನಿಂತಿತು. "ಗಂಡ ಸತ್ತು ವರ್ಷ ತುಂಬದ ಹೆಂಗ್ಸನ್ನ? ಗುರುತಿಲ್ಲ, ಪರಿಚಯ ಇಲ್ಲ, 'ಹೇಳು' ಅಂತ? ಮತ್ತೆ ನೀನು? ನೀನೇನಂದೆ?"

ಕ್ರಿಸೆಲ್ಡಾಗೆ ಬರುತ್ತಿದ್ದದ್ದೂ 'ನೀನು' ಒಂದೇ.

"ಥೂ!" ಎಂದಳು ಅಜ್ಜಿ. "ನನ್ನ ಕೈ ಮೇಲೆ ಹಲಗೆ ಮುರ್ದು ಈ ಭಾಷೆ ಬಿಡಿಸ್ದವ್ರ ಮೊಮ್ಮಕ್ಕಳು ಈಗ ಅದಕ್ಕೇ ಮಾಲೀಕರಾಗಿದ್ದಾರೆ, ಅದನ್ನಾದ್ರೂ ತಡ್ಕೋತೀನಿ. ನನ್ನ ಮೊಮ್ಮಗಳು ಅವ್ರ ಹತ್ರ ಹೋಗಿ ಮರ್ಯಾದೆಗೆಟ್ಟ ಸ್ಪ್ಯಾನಿಷ್ ಕಲ್ತು ಬಂದ್ಳಲ್ಲ. ಬಾ ಇಲ್ಲಿ. ಕೂತ್ಕೋ."

ಆ ಮಧ್ಯಾಹ್ನವಿಡೀ ಅಜ್ಜಿ ಲಟ್ಟಣಿಗೆ ಹಿಡಿದು 'ನೀವು' ಕಲಿಸಿದಳು. ಕೂತುಕೊಳ್ಳಿ. ಅಪ್ಪಣೆ ಕೊಡಿ. ನಿಮಗೆ ಇಷ್ಟವಿದ್ದರೆ ಮಾತ್ರ ಹೇಳಿ. ತಪ್ಪಿದಾಗಲೆಲ್ಲ ಮೇಜಿನ ಮೇಲೆ ಒಂದು ಕುಟ್ಟು. "ಇಷ್ಟೊಂದು ವರ್ಷ ಯಾಕೆ ಕಲಿಸ್ಲಿಲ್ಲ ಅಜ್ಜಿ?" ಎಂದು ಕೇಳಿದ್ದಕ್ಕೆ, "ಕೇಳ್ಲಿಲ್ಲವಲ್ಲ. ನೀನು ರೇಡಿಯೋನ ಕೇಳ್ದೆ," ಎಂದಳು.

ಎರಡು ದಿನ ಬಿಟ್ಟು ಕ್ರಿಸೆಲ್ಡಾ ಒಬ್ಬಳೇ ಕೇಂದ್ರಕ್ಕೆ ಹೋದಳು. ಸುಯಾಪಾ ಬಂದು ಕೂತಳು. ಮೊದಲಿನ ಶಾಲಾ ಹುಡುಗಿಯ ಬಿಗುವು ಇರಲಿಲ್ಲ. ಕುರ್ಚಿಗೆ ಒರಗಿ, ಗೋಡೆ ನೋಡುತ್ತಾ ಕೇಳಿದಳು. "ನೀವೂ ಕಲಿಯೋಕೆ ಬಂದ್ರಾ?"

"ಇಲ್ಲ, ಅಮ್ಮಾ. ಕ್ಷಮಿಸಿ ಅಂತ ಕೇಳೋಕೆ ಬಂದೆ. ನಿಮಗೆ ಇಷ್ಟ ಇದ್ರೆ ಮಾತ್ರ ಮಾತಾಡಿ."

ಸುಯಾಪಾ ಗೋಡೆಯಿಂದ ಕಣ್ಣು ತೆಗೆದು ಇವಳ ಕಡೆ ತಿರುಗಿಸಿದಳು.

"ಆ ಕಥೆ ಇನ್ನೊಂದ್ಸಲ ಹೇಳಲ್ಲ ನಾನು," ಎಂದಳು. "ಆ ಹುಡುಗನಿಗೆ ಮಾತು ಬರಲಿ ಅಂತ ನನ್ನ ಗಂಡನ್ನ ಎಷ್ಟು ಸಲ ಸಾಯಿಸ್ಬೇಕು? ನಾನು ಮಗು ಅಂದ್ರೆ ಅವನು ನಗ್ತಾನೆ. ಹುಚ್ಚಿ ಅಂದ್ಕೊಂಡಿದ್ದಾನಾ ನನ್ನ? ನನಗೆ ಗೊತ್ತಾಗಲ್ವಾ?"

"ಹೇಳ್ಬೇಡಿ. ಒಂದೇ ಒಂದು ಕೇಳ್ತೀನಿ. ಮೂರನೇ ಸಲ ಯಾಕೆ ಮೂರು ಜನ ಅಂದ್ರಿ?"

ಸುಯಾಪಾ ಅಂಗಿಯ ತೋಳನ್ನು ಬಿಚ್ಚಿ ಮತ್ತೆ ಮಡಿಸಿದಳು. "ಒಂದ್ಸಲ ಹೇಳಿದೆ, ಸಾಕಾಗ್ಲಿಲ್ಲ ಅವನಿಗೆ. ಎರಡನೇ ಸಲ ಹೇಳಿದೆ, ಆಗ್ಲೂ ಸಾಲ್ದು. ನಾನು ಅಂದ್ಕೊಂಡೆ, ನಂದು ಸಣ್ಣ ಕಥೆ ಆಯ್ತೇನೋ, ಇಲ್ಲಿ ಬರೋ ಬೇರೆ ಹೆಂಗಸರದ್ದು ಇದಕ್ಕಿಂತ ದೊಡ್ಡದಿರತ್ತೇನೋ ಅಂತ. ವಕೀಲರಿಗೆ ಇಷ್ಟ ಆಗ್ಲಿಲ್ಲ, ಇನ್ನೊಬ್ಬನನ್ನ ಸೇರಿಸಿದ್ರೆ ಬಿಡ್ತಾರೇನೋ ಅಂತ. ಸೇರಿಸ್ದೆ. ಬಿಟ್ಟ." ಅವಳು ತುಟಿ ಒರೆಸಿಕೊಂಡಳು. "ಅಧಿಕಾರಿ ಮುಂದೆ ಸುಳ್ಳು ಹೇಳ್ಬಾರದು ಅಂತ ನಿಜ ಹೇಳಿದೆ. ಅದೇ ಸುಳ್ಳಾಯ್ತು."

ಕ್ರಿಸೆಲ್ಡಾ ಇಷ್ಟನ್ನು ನ್ಯಾಯಾಧೀಶರಿಗೆ ತಿಳಿಸಬಹುದೇ ಎಂದು ಕೇಳಿದಳು. ಸುಯಾಪಾ ಭುಜ ಕುಣಿಸಿ, "ನಿಮ್ಮ ಜನ ಮಾಡಿದ್ದು, ನೀವೇ ಹೇಳಿ," ಎಂದು ಎದ್ದುಹೋದಳು.

ಪ್ರೊಫೆಸರ್ ಡೆಂಪ್ಸಿ ಇವಳು ಬರೆದು ತಂದ ಸಾಕ್ಷಿ ಹೇಳಿಕೆಯನ್ನು ಎರಡೆರಡು ಸಲ ಓದಿ ಕನ್ನಡಕ ತೆಗೆದರು. "ಕ್ರಿಸೆಲ್ಡಾ, ಇದು ಹೊರಗೆ ಹೋದರೆ ನಮ್ಮ ತಂಡದ ಗತಿ ಏನು ಅಂತ ಯೋಚಿಸಿದ್ದೀಯಾ? ಕೋಲ್ಬಿ ವಕೀಲಿ ಸನ್ನದಿಗೆ ಅರ್ಜಿ ಹಾಕೋ ಸಮಯ. ಭಾಷೆಯ ತೊಡಕಿನಿಂದ ಆದ ತಪ್ಪು ಅಂತ ಬರೆಯೋಣ. ಅದು ಸುಳ್ಳಲ್ಲವಲ್ಲ."

"ಭಾಷೆಯ ತೊಡಕಲ್ಲ ಪ್ರೊಫೆಸರ್. ಅವನಿಗೆ ಮೊದಲನೇ ಸಲವೇ ಅರ್ಥ ಆಗಿತ್ತು. ನನಗೇ ಆಗಿತ್ತು ಅಂದ್ಮೇಲೆ."

"ಸ್ವಲ್ಪ ಮೃದುವಾಗಿ—"

"ನೀವು ಸಹಿ ಹಾಕದಿದ್ರೆ ನಾನು ನನ್ನ ಹೆಸರಲ್ಲಿ ನೇರವಾಗಿ ಕಳಿಸ್ತೀನಿ. ನೀವು ಸರಿಯಾಗಿ ಓದದೆ ಕಳಿಸಿದ್ರಿ ಅನ್ನೋದನ್ನೂ ಆಗ ಬರೀಬೇಕಾಗತ್ತೆ."

ಪ್ರೊಫೆಸರ್ ಡೆಂಪ್ಸಿ ಅವಳನ್ನು ಹೊಸದಾಗಿ ನೋಡುವಂತೆ ನೋಡಿದರು. ಆ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ. ಮೇಜಿನ ಮೇಲೆ ತಾಯಂದಿರು ಮಕ್ಕಳನ್ನಪ್ಪಿಕೊಂಡ ಚಿತ್ರದ ಕೆಳಗೆ ತಂಡದ ಹೆಸರು ಅಚ್ಚಾಗಿದ್ದ ಕಾಫಿ ಲೋಟವಿತ್ತು. ಕ್ರಿಸೆಲ್ಡಾಗೆ ಅದನ್ನು ನೋಡಲಾಗಲಿಲ್ಲ. ಪ್ರೊಫೆಸರ್ ಸಹಿ ಹಾಕಿ, ಹಾಳೆಯನ್ನು ಒಂದು ಬೆರಳಿನಿಂದ ಇತ್ತ ತಳ್ಳಿದರು.

ಕೋಲ್ಬಿಗೆ ಸುದ್ದಿ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಮೆಟ್ಟಿಲ ಹತ್ತಿರ ಅಡ್ಡಗಟ್ಟಿದ. ಮುಖದಲ್ಲಿ ಆ ಬಾಲ್ಯದ ಗೆಳೆಯನ ನಗು ಇರಲಿಲ್ಲ. ಆದರೆ ಕೋಪಕ್ಕಿಂತ ಹೆಚ್ಚು ಬೇಜಾರು, ಮುದ್ದಿನ ನಾಯಿ ಕಚ್ಚಿದವನ ಬೇಜಾರು.

"ನಾನೇನ್ ಮಾಡ್ದೆ ನಿನಗೆ? ಅವಳ ಕೈ ಮುಟ್ಟಿದ್ನಾ? ಬೈದ್ನಾ? ನಾನು ಅವಳ ಭಾಷೆ ಕಲಿಯೋಕೆ ಕಷ್ಟಪಟ್ಟೆ. ನಿಮ್ಮ ಜನಕ್ಕೆ ಸಹಾಯ ಮಾಡೋಕೇ ಅಲ್ವಾ ನಾನು ಕಲ್ತಿದ್ದು?"

"ಮಾಂಸ ಅಂದೆ ನೀನು. ಎಲ್ಲರ ಮುಂದೆ."

"ಅದು ತಮಾಷೆ ಕ್ರಿಸ್! ನನ್ನ ಮೇಲೇ ಮಾಡ್ಕೊಂಡ ತಮಾಷೆ!" ನಿಜಕ್ಕೂ ಅವನಿಗೆ ಅರ್ಥವಾಗಿರಲಿಲ್ಲ. ಅದು ಅವನ ನೀಲಿ ಕಣ್ಣಲ್ಲಿ ಎದ್ದು ಕಾಣುತ್ತಿತ್ತು. "ನಾನಿಲ್ದೆ ಹೋಗಿದ್ರೆ ನೀನು ಮೊದಲನೇ ವರ್ಷನೇ ಗಂಟುಮೂಟೆ ಕಟ್ತಿದ್ದೆ. ಮರ್ತುಹೋಯ್ತಾ?"

"ಮರ್ತಿಲ್ಲ. ನೆನೆಸ್ಕೊಂಡಾಗೆಲ್ಲ ವಾಕರಿಕೆ ಬರತ್ತೆ," ಎಂದು ಅವಳು ಅವನ ಪಕ್ಕದಿಂದ ಇಳಿದುಹೋದಳು.

ವಿಚಾರಣೆ ನಡೆದದ್ದು ಕೇಂದ್ರದ ಒಂದು ಚಿಕ್ಕ ಕೋಣೆಯಲ್ಲಿ. ನ್ಯಾಯಾಧೀಶರು ಎಲ್ಲೋ ದೂರದ ಊರಿನಿಂದ ಟಿವಿ ಪರದೆಯ ಮೇಲೆ ಕಾಣಿಸಿಕೊಂಡರು. ನ್ಯಾಯಾಲಯದ ದುಭಾಷಿಯ ದನಿ ಫೋನಿನಿಂದ ಬರುತ್ತಿತ್ತು. ಮಾತಾಡುವ ಅಧಿಕಾರ ಕ್ರಿಸೆಲ್ಡಾಗೆ ಇರಲಿಲ್ಲ, ಹಿಂದೆ ಕೂತಿದ್ದಳು. ನ್ಯಾಯಾಧೀಶರು ತಲೆ ತಗ್ಗಿಸಿ ಅವಳ ಸಾಕ್ಷಿ ಹೇಳಿಕೆ ಓದಿದರು. ಓದುತ್ತಾ ಒಮ್ಮೆ ಅವರ ಮೂಗು ಸುಕ್ಕಾಯಿತು, ಕೆಟ್ಟ ವಾಸನೆ ಬಡಿದವರಂತೆ. ಇಡೀ ಪ್ರಕರಣದಲ್ಲಿ ತನಗಾದ ಹೇಸಿಗೆಯನ್ನೇ ಇನ್ನೊಬ್ಬರ ಮುಖದಲ್ಲಿ ಕ್ರಿಸೆಲ್ಡಾ ಕಂಡದ್ದು ಅದೊಂದೇ ಸಲ.

"ಎಷ್ಟು ಜನ ಬಂದಿದ್ದರು?" ಎಂದು ಕೇಳಿದರು.

"ಇಬ್ಬರು," ಎಂದಳು ಸುಯಾಪಾ.

"ಬೇರೇನಾದರೂ ಹೇಳುವುದಿದೆಯೇ?"

"ಇಲ್ಲ."

ಅಧಿಕಾರಿಯ ನಿರ್ಧಾರ ರದ್ದಾಯಿತು. ಸುಯಾಪಾ ನ್ಯಾಯಾಲಯದ ಮುಂದೆ ತನ್ನ ಮೊಕದ್ದಮೆ ನಡೆಸಬಹುದು ಎಂದಾಯಿತು. ಗೆಲುವು ಎಂದರೆ ಅಷ್ಟೇ. ಅದಾದ ಮೇಲೂ ಅವಳು ಆ ಔಷಧಿ ವಾಸನೆಯ ಕಟ್ಟಡದಲ್ಲಿ ಚಳಿಗಾಲ ಕಳೆದಳು. ಕೋಲ್ಬಿಗೆ ಏನೂ ಆಗಲಿಲ್ಲ. ಕಾಲೇಜು ಒಂದು ಸಭೆ ನಡೆಸಿ, ಇನ್ನು ಮುಂದೆ ತರಬೇತಿ ಹೆಚ್ಚಿಸಬೇಕು ಎಂದು ನಿರ್ಣಯ ಬರೆಯಿತು. ಅವನಿಗೆ ಆ ದೊಡ್ಡ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು, ಸ್ಪ್ಯಾನಿಷ್ ಬರುತ್ತದೆಂದು ಒಂದು ಮೆಟ್ಟಿಲು ಮೇಲೆಯೇ. ತಂಡದ ಉಳಿದವರು ಕ್ರಿಸೆಲ್ಡಾ ಬಂದರೆ ಮಾತು ನಿಲ್ಲಿಸುತ್ತಿದ್ದರು. ಅವಳು ತನ್ನ ಸಾರಾಂಶ ತಾನು ಬರೆದುಕೊಂಡು, ತನ್ನ ಪರೀಕ್ಷೆ ತಾನು ಬರೆದುಕೊಂಡು ಓಡಾಡಿದಳು. ಪಾಸಾಗುವುದಕ್ಕೆ ಯಾರ ಪ್ರೀತಿಯೂ ಬೇಕಾಗುವುದಿಲ್ಲ ಎಂಬುದು ಅವಳಿಗೆ ಆ ಚಳಿಗಾಲದಲ್ಲಿ ತಿಳಿಯಿತು.

ವಸಂತದಲ್ಲಿ ಸುಯಾಪಾಳನ್ನು ಜಾಮೀನಿನ ಮೇಲೆ ಬಿಟ್ಟರು. ಹ್ಯೂಸ್ಟನ್‌ನಲ್ಲಿ ಅವಳ ದೊಡ್ಡಮ್ಮನ ಮಗಳಿದ್ದಳು. ಬಸ್ ನಿಲ್ದಾಣದವರೆಗೆ ಕ್ರಿಸೆಲ್ಡಾ ಕಾರ್‌ನಲ್ಲಿ ಕರೆತಂದಳು. ದಾರಿಯುದ್ದಕ್ಕೂ ಅಜ್ಜಿ ಕಲಿಸಿದ 'ನೀವು' ಹಾಕಿ, ನೀರು ಬೇಕೇ, ಕಿಟಕಿ ಏರಿಸಲೇ, ಹ್ಯೂಸ್ಟನ್‌ನಲ್ಲಿ ಹೊಸ ವಕೀಲರ ವಿಳಾಸ ನಿಮ್ಮ ಬಳಿ ಇದೆಯೇ ಎಂದು ಕೇಳುತ್ತಿದ್ದಳು. ಸುಯಾಪಾ ಹ್ಞೂಂ, ಉಹ್ಞೂಂ ಎನ್ನುತ್ತಿದ್ದಳು.

ಬಸ್ಸಿನ ಬಾಗಿಲು ತೆರೆದಾಗ ಚಾಲಕನನ್ನು ಕಂಡು ಸುಯಾಪಾ ಒಂದು ಕ್ಷಣ ಮೆಟ್ಟಿಲ ಬಳಿ ತಡೆದು ನಿಂತಳು. ಆಮೇಲೆ ಕ್ರಿಸೆಲ್ಡಾಳತ್ತ ತಿರುಗಿದಳು.

"ನೀವು ಒಳ್ಳೇವ್ರು," ಎಂದಳು. "ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ. ನೀವು ಮಾತಾಡಿದ್ರೆ ಆ ಹುಡುಗನ ಥರಾನೇ ಕೇಳ್ಸತ್ತೆ. ಅದೇ ರಾಗ. ಕಾರಲ್ಲಿ ನಿಮ್ಮ ದನಿ ಕೇಳ್ದಾಗೆಲ್ಲ ನನಗೆ ಹೊಟ್ಟೆ ತೊಳಸ್ತಿತ್ತು. ಬೇರೆ ಯಾರ ಹತ್ರನಾದ್ರೂ ಕಲೀರಿ."

ಅವಳು ಮೇಲೆ ಹತ್ತಿ, ಚಾಲಕನಿಂದ ದೂರ, ಹಿಂದಿನ ಸೀಟಿನಲ್ಲಿ ಕೂತಳು. ಕ್ರಿಸೆಲ್ಡಾಳ ನಾಲಿಗೆಯ ಮೇಲೆ ಉತ್ತರ ಸಿದ್ಧವಾಗಿತ್ತು, ವ್ಯಾಕರಣ ಎಲ್ಲ ಸರಿಯಾಗಿಯೇ ಇತ್ತು. ಅದನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು. ಪ್ರತಿ ಪದದ ಕೊನೆಯನ್ನೂ ಸ್ವಲ್ಪ ಎಳೆದು ಮೇಲಕ್ಕೆತ್ತುವ ಕೋಲ್ಬಿಯ ಆ ಚುರುಕು ಧಾಟಿ ಕೇಳಿಸಿತು. ಅವಳು ಬಾಯಿ ಮುಚ್ಚಿಕೊಂಡು, ಬಸ್ಸು ತಿರುವು ದಾಟುವವರೆಗೆ ಕೈ ಎತ್ತಿ ನಿಂತಿದ್ದಳು.